ಐಚ್ಛಿಕ ಕನ್ನಡ ಓದಿದವರು ತೌಲನಿಕ ಸಾಹಿತ್ಯದ ಎಂ.ಎ.ಗೆ ಸೇರಬಹುದೇ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಕಾಲೇಜೊಂದರಲ್ಲಿ ಐಚ್ಛಿಕ ಕನ್ನಡ ಮತ್ತು ಇತಿಹಾಸ ತೆಗೆದುಕೊಂಡು ಈ ವರ್ಷ ಬಿ.ಎ. ಮುಗಿಸುತ್ತಿದ್ದೇನೆ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಅಥವಾ ಕೋಲ್ಕತ್ತದ ಜಾದವಪುರದಲ್ಲಿ ತೌಲನಿಕ ಸಾಹಿತ್ಯ, ಅಂದರೆ ಬೇರೆ ಬೇರೆ ಭಾಷೆಗಳ ಸಾಹಿತ್ಯವನ್ನು ಜೊತೆಗಿಟ್ಟು ನೋಡುವ ವಿಷಯವನ್ನು, ಓದಬೇಕೆಂಬ ಆಸೆಯಿದೆ. ನನ್ನ ಇಂಗ್ಲಿಷ್ ಓದುವುದಕ್ಕೆ ಸಾಲುತ್ತದೆ, ಬರೆಯಲು ಕುಳಿತರೆ ತಡವರಿಸುತ್ತೇನೆ. ಅಲ್ಲಿ ನಿಜವಾಗಿ ಏನನ್ನು ಓದಿಸುತ್ತಾರೆ, ಕನ್ನಡ ಓದಿ ಬಂದವನಿಗೆ ಜಾಗವಿದೆಯೇ, ಮುಂದೆ ಕೆಲಸದ ಗತಿಯೇನು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು. ಕನ್ನಡ ಎಂ.ಎ. ಮಾಡಿ ಬಿ.ಎಡ್. ಮುಗಿಸು ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಅವರ ಮಾತು ತಪ್ಪೆಂದೂ ನನಗೆ ಅನ್ನಿಸುತ್ತಿಲ್ಲ.

ದ್ವಿಪದಿ:
ನಾನು ಹೈದರಾಬಾದಿನಲ್ಲಿ ಓದಿದವಳು, ನನ್ನದೂ ಕನ್ನಡ ಮಾಧ್ಯಮವೇ. ಮೊದಲ ಸೆಮಿಸ್ಟರಿನ ಪ್ರಬಂಧದಲ್ಲಿ ಎರಡು ಕಾದಂಬರಿಗಳ ಸಾಮ್ಯಗಳನ್ನು ಒಂದು ಕಡೆ, ವ್ಯತ್ಯಾಸಗಳನ್ನು ಇನ್ನೊಂದು ಕಡೆ ಬರೆದು ಒಪ್ಪಿಸಿದ್ದೆ. "ಇದರಿಂದ ತಿಳಿದದ್ದೇನು?" ಎಂದು ಅಂಚಿನಲ್ಲಿ ಬರೆದು ಅಧ್ಯಾಪಕರು ಹಿಂದಿರುಗಿಸಿದರು. ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬಸವಪುರಾಣಗಳನ್ನು ಓದುವಾಗ. ಪಾಲ್ಕುರಿಕಿ ಸೋಮನಾಥ ತೆಲುಗಿನಲ್ಲಿ ದ್ವಿಪದಿಯಲ್ಲಿ ಹೇಳಿದ ಕಥೆಯನ್ನು ಭೀಮಕವಿ 1369ರಲ್ಲಿ ಕನ್ನಡದ ಷಟ್ಪದಿಗೆ ತಂದ. ದ್ವಿಪದಿ ಎರಡೆರಡು ಸಾಲಾಗಿ ತಡೆಯಿಲ್ಲದೆ ಹರಿಯುತ್ತದೆ. ಷಟ್ಪದಿಯಲ್ಲಿ ಮೂರನೆಯ ಮತ್ತು ಆರನೆಯ ಸಾಲು ಉದ್ದವಾಗಿ, ಪದ್ಯ ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತದೆ. ಎರಡನ್ನೂ ಗಟ್ಟಿಯಾಗಿ ಓದಿ ನೋಡಿದಾಗ, ಒಂದೇ ಶರಣನ ಕಥೆ ಛಂದಸ್ಸು ಬದಲಾದ ಮಾತ್ರಕ್ಕೆ ಬೇರೆ ನಡಿಗೆಯನ್ನು ಪಡೆಯುವುದು ಕಿವಿಗೇ ಕೇಳಿಸಿತು. ಒಂದು ಭಾಷೆ ಇನ್ನೊಂದರಿಂದ ಪಡೆದದ್ದನ್ನು ಹೇಗೆ ತನ್ನದಾಗಿಸಿಕೊಂಡಿತು ಎಂದು ಕೇಳುವುದೇ ಈ ಅಧ್ಯಯನದ ತಿರುಳೆಂದು ನಾನು ನಂಬಿದ್ದೇನೆ.

ಇಂಗ್ಲಿಷ್ ಬರವಣಿಗೆಗೆ ಮೊದಲ ವರ್ಷ ಕಷ್ಟಪಡುತ್ತೀರಿ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹಳಗನ್ನಡದ ಪದ್ಯವನ್ನು ಅನ್ವಯ ಮಾಡಿ ಅರ್ಥ ಹೇಳಬಲ್ಲವರು ತರಗತಿಯಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ಐಚ್ಛಿಕ ಕನ್ನಡ ಓದಿದ ನಿಮಗೆ ಆ ಬಂಡವಾಳ ಈಗಾಗಲೇ ಇದೆ.

ಹಳೆಯ ಮೇಷ್ಟ್ರು:
ಮೇಲಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ದಂಡಿ ಸಂಸ್ಕೃತದಲ್ಲಿ ಬರೆದ ಕಾವ್ಯಶಾಸ್ತ್ರದ ಗ್ರಂಥ ಕಾವ್ಯಾದರ್ಶವನ್ನು ಆಧರಿಸಿ ಒಂಬತ್ತನೆಯ ಶತಮಾನದಲ್ಲಿ ಕನ್ನಡದಲ್ಲಿ ಕವಿರಾಜಮಾರ್ಗ ಹುಟ್ಟಿತು. ಅದೇ ಗ್ರಂಥದ ಆಧಾರದ ಮೇಲೆ ಸಿಂಹಳದಲ್ಲಿ ಸಿಯಬಸ್ಲಕರ, ತಮಿಳಿನಲ್ಲಿ ದಂಡಿಯಲಂಕಾರಂ ಬಂದವು. ಕವಿರಾಜಮಾರ್ಗವೊಂದನ್ನೇ ಹಿಡಿದು ನಾನು ವರ್ಷಗಟ್ಟಲೆ ಪಾಠ ಹೇಳಿದೆ, ಉಳಿದವುಗಳ ಕಡೆ ವಿದ್ಯಾರ್ಥಿಗಳ ಗಮನ ಸೆಳೆಯಲಿಲ್ಲ ಎಂಬ ಕೊರಗು ಈಗಲೂ ಇದೆ.

ಕೆಲಸದ ವಿಷಯದಲ್ಲಿ ಮನೆಯವರ ಭಯಕ್ಕೆ ಆಧಾರವಿದೆ. ನಮ್ಮ ಪದವಿ ಕಾಲೇಜುಗಳಲ್ಲಿ ಹುದ್ದೆಗಳು ಕನ್ನಡಕ್ಕೆ, ಇಂಗ್ಲಿಷಿಗೆ ಎಂದೇ ಇರುತ್ತವೆ. ಅಧ್ಯಾಪಕ ಹುದ್ದೆಯ ಅರ್ಹತೆಗಾಗಿ ಬರೆಯುವ ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ತೌಲನಿಕ ಸಾಹಿತ್ಯ ಪ್ರತ್ಯೇಕ ವಿಷಯವಾಗಿದ್ದರೂ, ಅದನ್ನು ಕಲಿಸುವ ವಿಭಾಗಗಳು ದೇಶದಲ್ಲೇ ಕಡಿಮೆ. ಆದ್ದರಿಂದ ದೂರಶಿಕ್ಷಣದಲ್ಲಾದರೂ ಕನ್ನಡ ಎಂ.ಎ. ಪದವಿಯೊಂದನ್ನು ಜೊತೆಗೆ ಪಡೆದುಕೊಳ್ಳಿ.

ಗಂಗೆಯ ದಡ:
ಜಾದವಪುರದ ವಿಭಾಗವನ್ನು 1956ರಲ್ಲಿ ಕವಿ ಬುದ್ಧದೇವ ಬಸು ಆರಂಭಿಸಿದರು. ಭಾರತದಲ್ಲಿ ಈ ವಿಷಯಕ್ಕೆ ಅದೇ ಮೊದಲ ವಿಭಾಗ. ಅದಕ್ಕೂ ಸುಮಾರು ಅರ್ಧ ಶತಮಾನ ಹಿಂದೆ, 1907ರಲ್ಲಿ, ರವೀಂದ್ರನಾಥ ಠಾಕೂರರು ಇದನ್ನೇ 'ವಿಶ್ವಸಾಹಿತ್ಯ' ಎಂದು ಕರೆದು ಉಪನ್ಯಾಸ ಕೊಟ್ಟಿದ್ದರು. ಅಲ್ಲಿಗೆ ಹೋಗುವುದಾದರೆ ಬಂಗಾಳಿ ಕಲಿಯದೆ ಅರ್ಧ ಲಾಭವೂ ಸಿಗುವುದಿಲ್ಲ.

ತುಂಗಾತೀರ:
ಎಲ್ಲರಿಗೂ ಋಣಿ. ನನ್ನ ಅಜ್ಜಿಯ ತವರು ಪಾವಗಡ, ಮನೆಯಲ್ಲಿ ತೆಲುಗು ಕೇಳುತ್ತಲೇ ಬೆಳೆದವನು ನಾನು. ಓದಲು ಮಾತ್ರ ಬರುವುದಿಲ್ಲ. ಇದು ಸಾಕೇ?

ದ್ವಿಪದಿ:
ಹಾಗಾದರೆ ಹೈದರಾಬಾದಿನ ಅರ್ಜಿಯನ್ನೇ ಮೊದಲು ಹಾಕಿ. ಕನ್ನಡ ಲಿಪಿ ಬಲ್ಲವರಿಗೆ ತೆಲುಗು ಲಿಪಿ ಕೆಲವೇ ದಿನಗಳ ಅಭ್ಯಾಸ. ತಲೆಕಟ್ಟು ಮತ್ತು ಒತ್ತಕ್ಷರಗಳಲ್ಲಿ ಮಾತ್ರ ಆರಂಭದಲ್ಲಿ ಎಡವುತ್ತೀರಿ. ತೆಲುಗು ಮಕ್ಕಳ ಪುಸ್ತಕವೊಂದನ್ನು ತಂದು ದಿನಕ್ಕೊಂದು ಪುಟದಂತೆ ಅಜ್ಜಿಗೆ ಓದಿ ಹೇಳಿ, ತಪ್ಪಿದಲ್ಲಿ ಅವರೇ ತಿದ್ದುತ್ತಾರೆ.