ಪದಚರ್ಚೆ: ‘ರೇಸ್’ಗೂ ಜನಾಂಗ, ‘ಎಥ್ನಿಕ್’ಗೂ ಜನಾಂಗ ಅಂದ್ರೆ ಹೇಗೆ?

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕೆ ಸಿಕ್ಕಿಕೊಂಡು ವಾರ ಆಯ್ತು, ಬರಹ ಮುಂದೆ ಹೋಗ್ತಾ ಇಲ್ಲ. ಅದಕ್ಕೇ ಇಲ್ಲಿಗೆ ಬಂದೆ.

ನಾನಿರುವುದು ಅಮೆರಿಕದ ಫಿಲಡೆಲ್ಫಿಯಾ ಹತ್ತಿರ. ಇಲ್ಲಿನ ಕನ್ನಡ ಕೂಟದ ಸಂಚಿಕೆಗೆ ಮಿಲ್‌ಬೋರ್ನ್ ಅನ್ನುವ ಪುಟ್ಟ ಊರಿನ ಬಗ್ಗೆ ನಾಲ್ಕು ಪುಟ ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡುಬಿಟ್ಟೆ. ನಗರದ ಗಡಿ ದಾಟಿದ ಕೂಡಲೇ ಸಿಗುವ ಊರು. ರೈಲಿನಲ್ಲಿ ಬಂದರೆ 69ನೇ ಬೀದಿಯ ಕೊನೆಯ ನಿಲ್ದಾಣಕ್ಕಿಂತ ಒಂದು ಸ್ಟಾಪ್ ಮೊದಲು ಇಳಿಯಬೇಕು. ಹಿಂದೆ ಅಲ್ಲಿದ್ದ ಹಿಟ್ಟಿನ ಗಿರಣಿಯಿಂದ ಊರಿಗೆ ಆ ಹೆಸರು. 2010ರ ಗಣತಿಯಲ್ಲಿ ಅಲ್ಲಿದ್ದವರು 1,159 ಜನ. ನಮ್ಮ ಕಡೆ ಒಂದು ಗ್ರಾಮ ಪಂಚಾಯಿತಿಗೂ ಸಾಲದ ಲೆಕ್ಕ ಇದು, ಆದರೂ ಅವರಿಗೆ ಸ್ವಂತ ಮೇಯರ್, ಸ್ವಂತ ಕೌನ್ಸಿಲ್ ಉಂಟು. ಊರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಏಷ್ಯಾದವರು. ಒಂದು ಗುರುದ್ವಾರ ಇದೆ, ಪಂಜಾಬಿಗಳಿದ್ದಾರೆ, ಬಾಂಗ್ಲಾದವರಿದ್ದಾರೆ, ಕಪ್ಪು ಜನ, ಬಿಳಿಯರು ಎಲ್ಲರೂ ಇದ್ದಾರೆ.

ಇದನ್ನು ಹೀಗೆ ಬರೆದರೆ ತೊಂದರೆಯೇ ಇಲ್ಲ ಅಲ್ವಾ? ತೊಂದರೆ ಶುರುವಾಗಿದ್ದು ಗಣತಿಯ ಅಂಕಿಗಳನ್ನು ಕನ್ನಡಕ್ಕೆ ತರಲು ಕುಳಿತಾಗ. ಮೊದಲು ಸೋಮಾರಿತನಕ್ಕೆ ಯಂತ್ರಾನುವಾದ ಹಾಕಿ ನೋಡಿದೆ. ‘ಪಟ್ಟಣದ ಜನಾಂಗೀಯ ಮೇಕಪ್’ ಎಂದು ಬಂತು. ಪೌಡರ್ ಹಚ್ಚಿಕೊಂಡು ಕುಳಿತ ಜನಾಂಗ! ನಕ್ಕು ಮುಚ್ಚಿದೆ. ಆದರೆ ನಗು ನಿಂತ ಮೇಲೆ ಯೋಚನೆ ಬಂತು, ಮೇಕಪ್ ತೆಗೆದು ‘ಜನಾಂಗೀಯ ಸಂಯೋಜನೆ’ ಎಂದು ಹಾಕಿದರೆ ಓದುವವರಿಗೆ ಏನು ಅರ್ಥವಾಗುತ್ತದೆ?

ಇದಕ್ಕೆ ನಮ್ಮ ಮನೆಯದೇ ಒಂದು ಉದಾಹರಣೆ ಇದೆ. 2020ರಲ್ಲಿ ಗಣತಿ ಫಾರಂ ತುಂಬುವಾಗ ಅಮ್ಮ ಇಲ್ಲೇ ಇದ್ದರು. ಕೋವಿಡ್ ಬಂದು ವಿಮಾನ ನಿಂತು ವಾಪಸ್ ಹೋಗಲಾಗದೆ ಉಳಿದುಕೊಂಡಿದ್ದರು, ಹಾಗಾಗಿ ಗಣತಿಗೆ ಅವರ ಲೆಕ್ಕ ಬರುವುದಿಲ್ಲ, ಆದರೂ ಎದುರು ಕುಳಿತು ಹುರುಳಿಕಾಯಿ ನಾರು ತೆಗೆಯುತ್ತಾ ಒಂದೊಂದೇ ಪ್ರಶ್ನೆ ಓದಿ ಹೇಳು ಎಂದರು. ನಾನು ಸುಮ್ನೆ ಬಾಯಿಗೆ ಬಂದ ಹಾಗೆ ಕನ್ನಡ ಮಾಡುತ್ತಾ ಹೋದೆ. ‘ನಿಮ್ಮ ಜನಾಂಗ ಯಾವುದು’ ಎಂದು ಓದಿದೆ. ಅಮ್ಮ ತಟ್ಟನೆ ನಮ್ಮ ಜಾತಿಯ ಹೆಸರು ಹೇಳಿದರು, ಒಳಪಂಗಡ ಸಮೇತ. ಆಮೇಲೆ ದನಿ ತಗ್ಗಿಸಿ, “ಅಲ್ವೋ, ಇಲ್ಲೂ ಇದನ್ನೆಲ್ಲಾ ಕೇಳ್ತಾರಾ?” ಎಂದರು. “ಜಾತಿ ಅಲ್ಲಮ್ಮ, ಏಷ್ಯನ್ ಇಂಡಿಯನ್ ಅಂತ ಟಿಕ್ ಹಾಕ್ಬೇಕು” ಎಂದೆ. “ಅದು ದೇಶ ಆಯ್ತಲ್ಲೋ. ಜನಾಂಗ ಹೇಗಾಗತ್ತೆ?” ಎಂದು ಅಮ್ಮ. ಕೆಳಗೆ ಚೈನೀಸ್, ಫಿಲಿಪಿನೋ, ವಿಯೆಟ್ನಾಮೀಸ್ ಎಂದೆಲ್ಲ ಚೌಕಗಳಿದ್ದವು, ಕೊನೆಗೆ ಎಲ್ಲವನ್ನೂ ಕೂಡಿಸಿ ಏಷ್ಯನ್ ಎಂದು ಲೆಕ್ಕ ಹಾಕುತ್ತಾರೆ ಎಂದೆ. “ಹಾಗಾದ್ರೆ ಪಕ್ಕದ ಮನೆ ಚೀನಾದವರೂ ನಾವೂ ಒಂದೇ ಜನಾಂಗ ಅನ್ನು” ಎಂದು ಹುರುಳಿಕಾಯಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ತಪ್ಪು ಅಮ್ಮನದಲ್ಲ. ಜನಾಂಗ ಅಂದರೆ ನಮ್ಮಲ್ಲಿ ಮೊದಲು ಹೊಳೆಯುವುದೇ ಅದು. ಒಕ್ಕಲಿಗ ಜನಾಂಗ, ಕುರುಬ ಜನಾಂಗ, ‘ನಮ್ಮ ಜನಾಂಗದವರ ಹಾಸ್ಟೆಲ್’. ಜಾತಿ ಎಂದು ಬಾಯಿಬಿಟ್ಟು ಹೇಳಲು ಮುಜುಗರವಾದಾಗ ಜನಾಂಗ ಎನ್ನುತ್ತೇವೆ, ಈಗೀಗ ಅದಕ್ಕೂ ಮುಜುಗರವಾಗಿ ‘ಸಮುದಾಯ’ ಎನ್ನುತ್ತೇವೆ. ಪತ್ರಿಕೆಗಳಲ್ಲಿ ಮಾತ್ರ ಈ ಪದಕ್ಕೆ ಬೇರೆ ಎರಡು ಕೆಲಸ ಇವೆ. 2021ರ ಜನವರಿಯಲ್ಲಿ ಸಿಡ್ನಿ ಟೆಸ್ಟ್‌ನಲ್ಲಿ ಸಿರಾಜ್‌ಗೆ ಪ್ರೇಕ್ಷಕರು ಬೈದಾಗ ಅದು ‘ಜನಾಂಗೀಯ ನಿಂದನೆ’. ಅಲ್ಲಿ ಜನಾಂಗ ಅಂದರೆ ರೇಸ್. 2023ರಲ್ಲಿ ಮಣಿಪುರದಲ್ಲಿ ಮೈತೇಯಿ-ಕುಕಿ ಗಲಭೆ ಆದಾಗ ಅದು ‘ಜನಾಂಗೀಯ ಸಂಘರ್ಷ’. ಇಲ್ಲಿ ಜನಾಂಗ ಅಂದರೆ ಎಥ್ನಿಕ್. ಎರಡನ್ನೂ ಬೇರೆ ಬೇರೆ ದಿನ ಓದುವುದರಿಂದ ಯಾರಿಗೂ ತೊಡಕಾಗುವುದಿಲ್ಲ. ಆದರೆ ಅಮೆರಿಕದ ಗಣತಿಯಲ್ಲಿ ಇವೆರಡೂ ಒಂದೇ ಪುಟದಲ್ಲಿ ಮೇಲೆ ಕೆಳಗೆ ಕೂರುತ್ತವೆ. ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡುವ ನಾಡುಗಳ ಕಡೆಯವರು) ಹೌದೋ ಅಲ್ಲವೋ ಎಂಬುದು ಎಥ್ನಿಸಿಟಿ, ಬಿಳಿಯರೋ ಕಪ್ಪೋ ಏಷ್ಯನ್ನೋ ಎಂಬುದು ರೇಸ್, ಹಿಸ್ಪಾನಿಕ್ ಆದವರು ಯಾವ ರೇಸ್ ಬೇಕಾದರೂ ಆಗಿರಬಹುದು. ‘ಈ ಜನಾಂಗದವರು ಯಾವುದೇ ಜನಾಂಗದವರಾಗಿರಬಹುದು’ ಎಂದು ಬರೆದರೆ ಸಂಪಾದಕರು ನನ್ನನ್ನು ಕೂಟದಿಂದಲೇ ತೆಗೆಯುತ್ತಾರೆ. (ಎರಡು ಪ್ರಶ್ನೆಗಳನ್ನು ಒಂದೇ ಮಾಡಬೇಕೆಂದು 2024ರಲ್ಲಿ ಇಲ್ಲಿನ ಸರ್ಕಾರದವರೇ ನಿಯಮ ಬದಲಿಸಿದ್ದಾರೆ. ಅವರಿಗೂ ಸಾಕಾಗಿರಬೇಕು. ಆದರೆ ನನ್ನ ಕೈಯಲ್ಲಿರುವ ಅಂಕಿಗಳೆಲ್ಲ ಹಳೆಯ ಲೆಕ್ಕದವು.)

‘ವರ್ಣ’ ಎನ್ನಬಹುದಲ್ಲ ಎಂದು ಒಬ್ಬ ಗೆಳೆಯ ಹೇಳಿದ. ದಕ್ಷಿಣ ಆಫ್ರಿಕಾದ ಪಾಠದಲ್ಲಿ ‘ವರ್ಣಭೇದ ನೀತಿ’ ಎಂದು ಓದಿದ್ದೇವೆ, ಸರಿ. ಆದರೆ ‘ಊರಿನಲ್ಲಿ ಯಾವ ವರ್ಣದವರು ಎಷ್ಟು’ ಎಂದು ಬರೆದು ನೋಡಿ, ನಾಲ್ಕು ವರ್ಣಗಳು ಎದ್ದು ಬಂದು ಸಾಲಾಗಿ ನಿಲ್ಲುತ್ತವೆ. ‘ಕುಲ’ ಇನ್ನೂ ಇಕ್ಕಟ್ಟು. ‘ಬುಡಕಟ್ಟು’, ‘ಪಂಗಡ’ ಎರಡೂ ಸರ್ಕಾರದ ಪಟ್ಟಿಗೆ ಹೋಗಿ ಕೂತಿವೆ.

ಇನ್ನು ಸಿಖ್ಖರ ವಿಷಯ. ಮಿಲ್‌ಬೋರ್ನ್ ಬಗ್ಗೆ ಬರೆಯುವಾಗ ಇದನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ನಮಗೆ ಸಿಖ್ ಅಂದರೆ ಧರ್ಮ, ಅಷ್ಟೇ. ಇಂಗ್ಲೆಂಡಿನಲ್ಲಿ ಪಗಡಿ ಕಟ್ಟಿದ ಹುಡುಗನನ್ನು ಶಾಲೆಗೆ ಸೇರಿಸಿಕೊಳ್ಳದ ಕೇಸು ಅಲ್ಲಿನ ಮೇಲ್ಮನೆಗೆ (ಆಗ ಅದೇ ಕೊನೆಯ ಕೋರ್ಟು) ಹೋದಾಗ, 1983ರಲ್ಲಿ, ಸಿಖ್ಖರನ್ನು ‘ಎಥ್ನಿಕ್ ಗುಂಪು’ ಎಂದು ಒಪ್ಪಿದರು. ಒಟ್ಟಿಗೆ ಬಂದ ಚರಿತ್ರೆ, ಒಟ್ಟಿಗೆ ಉಳಿಸಿಕೊಂಡ ಪದ್ಧತಿ, ಇವು ಮುಖ್ಯ, ಬರೀ ನಂಬಿಕೆಯಲ್ಲ ಎಂಬ ತರ್ಕ. ಅಮೆರಿಕದಲ್ಲೂ 2020ರ ಗಣತಿಯಲ್ಲಿ ಸಿಖ್ ಎಂದು ಕೈಯಲ್ಲಿ ಬರೆದವರಿಗೆ ಬೇರೆ ಕೋಡ್ ಕೊಟ್ಟು ಎಣಿಸಿದರು. ಅದೇ 1920, 30, 40ರ ಗಣತಿಗಳಲ್ಲಿ ಏನಾಗಿತ್ತು ಗೊತ್ತಾ? ‘ಹಿಂದು’ ಎಂಬುದೇ ಒಂದು ರೇಸ್! ಕ್ಯಾಲಿಫೋರ್ನಿಯಾದಲ್ಲಿ ಹೊಲ ಮಾಡುತ್ತಿದ್ದ ಪಂಜಾಬಿ ಸಿಖ್ಖರು, ಮುಸಲ್ಮಾನರು ಎಲ್ಲರೂ ಅದೇ ಕಲಂನಲ್ಲಿ ಹಿಂದು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಸಿಖ್ಖರ ಪೌರತ್ವದ ಕೇಸಿನಲ್ಲಿ ಸುಪ್ರೀಂ ಕೋರ್ಟು ಅವರನ್ನು ‘ಮೇಲ್ಜಾತಿ ಹಿಂದು’ ಎಂದು ಕರೆದು, ಆದರೂ ಬಿಳಿಯರಲ್ಲ ಎಂದು ತೀರ್ಪು ಕೊಟ್ಟಿತು. ಆಮೇಲೆ 1970ರ ಗಣತಿಯಲ್ಲಿ ನಮ್ಮವರನ್ನು ಬಿಳಿಯರ ಲೆಕ್ಕಕ್ಕೆ ಹಾಕಿದರು, 1980ರಲ್ಲಿ ‘ಏಷ್ಯನ್ ಇಂಡಿಯನ್’ ಚೌಕ ಬಂತು. ಆ ಅರವತ್ತು ವರ್ಷ ಇಲ್ಲೇ ಬದುಕಿದ್ದ ಮನುಷ್ಯನಿಗೆ ಮೈಬಣ್ಣ ಒಂದೇ, ರೇಸ್ ಮಾತ್ರ ಬದಲಾಗುತ್ತಲೇ ಹೋಯಿತು. ಹೀಗೆ ಬದಲಾಗುವುದನ್ನು ‘ಜನಾಂಗ’ ಎಂದರೆ ಕನ್ನಡದ ಕಿವಿಗೆ ಸರಿಬರುವುದಿಲ್ಲ, ಏಕೆಂದರೆ ನಮ್ಮ ಜನಾಂಗ ಹುಟ್ಟಿನಿಂದ ಅಂಟಿಕೊಂಡು ಬರುವಂಥದು, ಫಾರಂ ಬದಲಾದರೆ ಬದಲಾಗುವಂಥದಲ್ಲ.

ನಾನು ಸದ್ಯಕ್ಕೆ ಮಾಡಿಕೊಂಡಿರುವುದು ಇಷ್ಟು. ಎಥ್ನಿಕ್ ಎಂದು ಬಂದಲ್ಲೆಲ್ಲ ‘ಮೂಲ’. ಭಾರತ ಮೂಲದವರು, ಬಾಂಗ್ಲಾ ಮೂಲದವರು, ಹಿಸ್ಪಾನಿಕ್ ಮೂಲದವರು. ಪತ್ರಿಕೆ ಓದುವ ಯಾರಿಗಾದರೂ ಇದು ಗೊತ್ತಿರುವ ಮಾತು, ವಿವರಣೆ ಬೇಡ. ರೇಸ್ ಎಂದು ಬಂದಲ್ಲಿ ಒಂದೇ ಪದ ಹುಡುಕುವುದನ್ನು ಬಿಟ್ಟು ‘ಗಣತಿಯಲ್ಲಿ ತಮ್ಮನ್ನು ಏಷ್ಯನ್ ಎಂದು ಗುರುತಿಸಿಕೊಂಡವರು’ ಎಂದು ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು, ನಿಜ. ಆದರೆ ಆಗುವುದೂ ಅದೇ ತಾನೆ, ಗುರುತು ಹಾಕುವುದು ಅವರವರೇ. ಕಾನೂನಿನ ಮಾತು ಬಂದಾಗ, ಬೈಗುಳದ ಮಾತು ಬಂದಾಗ ಮಾತ್ರ ಜನಾಂಗೀಯ ಎಂದು ಉಳಿಸಿಕೊಂಡಿದ್ದೇನೆ.

ಆದರೂ ಎರಡು ಕಡೆ ಸಿಕ್ಕಿಕೊಂಡಿದ್ದೇನೆ.

ಒಂದು, ಕೋಷ್ಟಕದಲ್ಲಿ ಒಂದೇ ಗುರುತು ಬರೆದ ಬಿಳಿಯರಿಗೆ ಬೇರೆ ಸಾಲು ಇದೆ. ಇಂಗ್ಲಿಷಿನಲ್ಲಿರುವುದನ್ನು ಹಾಗೇ ಎತ್ತಿ ‘ಬಿಳಿಯರು ಮಾತ್ರ’ ಎಂದು ಹಾಕಿದ್ದೆ. ಸಂಜೆ ಮತ್ತೆ ನೋಡಿದರೆ ಹಳೆಯ ಕಾಲದಲ್ಲಿ ಹೋಟೆಲ್ ಬಾಗಿಲಿಗೆ ಹಾಕುತ್ತಿದ್ದ ಬೋರ್ಡಿನ ಹಾಗಿದೆ! ಅಳಿಸಿದೆ. ‘ಬರೀ ಬಿಳಿಯರು’ ಕೂಡ ಅಷ್ಟೇ ಕೆಟ್ಟದಾಗಿದೆ.

ಎರಡು, ಎರಡು ಮೂರು ಚೌಕಗಳಿಗೆ ಟಿಕ್ ಹಾಕುವವರು. 2000ದ ಗಣತಿಯಿಂದ ಹಾಗೆ ಹಾಕಲು ಬಿಟ್ಟಿದ್ದಾರೆ, ಇಡೀ ದೇಶದ ಲೆಕ್ಕದಲ್ಲಿ 2010ರಲ್ಲಿ ನೂರಕ್ಕೆ 2.9 ಇದ್ದವರು 2020ಕ್ಕೆ 10.2 ಆಗಿದ್ದಾರೆ, ಹಾಗಾಗಿ ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ‘ಮಿಶ್ರ ಜನಾಂಗ’ ಎಂದರೆ ಮತ್ತೆ ಅದೇ ಜನಾಂಗ. ‘ಬೆರಕೆ’ ಎನ್ನಲು ನಾಲಿಗೆ ಬರುವುದಿಲ್ಲ, ನಮ್ಮ ಕಡೆ ಅದು ನಾಯಿಗೆ ಹೇಳುವ ಮಾತು, ಮನುಷ್ಯರಿಗೆ ಹೇಳಿದರೆ ಹೊಡೆದಾಟ ಆಗುತ್ತದೆ. ‘ಎರಡು ಮೂಲದವರು’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಆದರೆ ಮೂಲವನ್ನು ಆಗಲೇ ಎಥ್ನಿಕ್‌ಗೆ ಕೊಟ್ಟಾಗಿದೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯವರು ಯಾರಾದರೂ ಈ ಗುಂಪಿನಲ್ಲಿದ್ದೀರಾ? ನಿಮ್ಮನ್ನೇ ಮುಖ್ಯವಾಗಿ ಕೇಳಬೇಕಿತ್ತು. ನಿಮ್ಮ ಕಡೆಯ ಸಿದ್ದಿಗಳು ಆಫ್ರಿಕಾ ಮೂಲದವರು, ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ, 2003ರಿಂದ ಪರಿಶಿಷ್ಟ ಪಂಗಡದಲ್ಲಿದ್ದಾರೆ. ಅಂದರೆ ನಾನು ಇಲ್ಲಿ ಗುದ್ದಾಡುತ್ತಿರುವ ಎಲ್ಲಾ ಪದಗಳೂ ಅಲ್ಲಿ ಒಂದೇ ಊರಿನಲ್ಲಿ ಇವೆ. ಸರ್ಕಾರಿ ಕಾಗದದ ಮಾತು ಬೇಡ, ಅದು ಗೊತ್ತು. ಅಂಗಡಿ ಮುಂದೆ, ಬಸ್‌ಸ್ಟ್ಯಾಂಡಿನಲ್ಲಿ ಜನ ಏನಂತಾರೆ? ಸಿದ್ದಿ ಜಾತಿ ಅಂತಾರಾ, ಸಿದ್ದಿ ಜನಾಂಗ ಅಂತಾರಾ, ಅಥವಾ ಸುಮ್ನೆ ಸಿದ್ದಿಯರು ಅಂದುಬಿಡ್ತಾರಾ? ಸಿದ್ದಿಗಳು ತಮ್ಮನ್ನು ತಾವು ಕನ್ನಡದಲ್ಲಿ ಹೇಳಿಕೊಳ್ಳುವಾಗ ಯಾವ ಪದ ಬಳಸುತ್ತಾರೆ? ಮಂಗಳವಾರದೊಳಗೆ ತಿಳಿಸಿದರೆ ಬರಹದಲ್ಲಿ ಸೇರಿಸಿಕೊಳ್ಳುತ್ತೇನೆ, ಬುಧವಾರ ಪುಟ ಕಟ್ಟಲು ಹೋಗುತ್ತದೆ.