ಒಂದೇ ಆರ್‌ಎಸ್‌ವಿ ವೈರಸ್: ಮಗಳಿಗೆ ಬರೀ ಗೊಣ್ಣೆ, ಮಗನಿಗೆ ಆಕ್ಸಿಜನ್. ಯಾಕೆ ಹೀಗೆ?

ಹಾಸನದಮ್ಮ:
ಎಲ್‌ಕೆಜಿಯಿಂದ ಮಗಳು ಶೀತ ಹತ್ತಿಸ್ಕೊಂಡು ಬಂದ್ಲು, ಎರಡು ದಿನ ಗೊಣ್ಣೆ ಸುರಿಸ್ಕೊಂಡೇ ಆಟ ಆಡ್ತಿದ್ಲು, ಆಮೇಲೆ ಹತ್ತು ವಾರದ ಮಗನಿಗೆ ಬಂತು ನೋಡಿ, ಹಾಲು ಕುಡಿಯೋದೇ ಬಿಟ್ಟ, ಉಸಿರು ಎಳೆದಾಗೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳ್ತಿತ್ತು, ನಾಲ್ಕು ದಿನ ಆಕ್ಸಿಜನ್ ಹಾಕಿದ್ರು. ಟೆಸ್ಟಲ್ಲಿ ಆರ್‌ಎಸ್‌ವಿ ಅಂತ ಬಂತು, ಉಸಿರಾಟದ ನಾಳಗಳಿಗೆ ತಗಲೋ ವೈರಸ್ ಅಂತೆ. ಈಗ ಹುಷಾರಾಗಿದಾನೆ. ಅತ್ತೆಗೆ 72, ಅವರಿಗೆ ಮೂರು ವಾರ ಆದ್ರೂ ಕೆಮ್ಮು ಬಿಟ್ಟಿಲ್ಲ. ತಾಯಿಯಿಂದ ಮಗುಗೆ ರೋಗನಿರೋಧಕ ಶಕ್ತಿ ಬರುತ್ತೆ ಅಂತಾರಲ್ಲ, ನನ್ನಿಂದ ಬರ್ಲಿಲ್ವಾ? ಒಂದ್ಸಲ ಬಂದ್ಮೇಲೆ ಮತ್ತೆ ಬರಲ್ಲ ತಾನೇ?

ಮೈಕ್ರೋ ಮೇಷ್ಟ್ರು:
ಬಂದಿರುತ್ತೆ ಮೇಡಂ, ಅದನ್ನ ಮನಸ್ಸಿಗೆ ಹಚ್ಕೋಬೇಡಿ. ತಾಯಿಯ ಆಂಟಿಬಾಡಿ, ಅಂದ್ರೆ ರೋಗಾಣು ತಡೆಯೋ ಪ್ರೋಟೀನು, ಹೊಕ್ಕುಳಬಳ್ಳಿ ಮೂಲಕ ಮಗುಗೆ ಹೋಗುತ್ತೆ, ಆದ್ರೆ ಹುಟ್ಟಿದ ದಿನದಿಂದಲೇ ಕಮ್ಮಿಯಾಗ್ತಾ ಬಂದು ಕೆಲವೇ ತಿಂಗಳಲ್ಲಿ ಹೆಚ್ಚುಕಮ್ಮಿ ಖಾಲಿ. ಅದೂ ಅಲ್ದೆ ಆ ವಯಸ್ಸಲ್ಲಿ ಶ್ವಾಸಕೋಶದ ಕೊನೆಯ ನಾಳಗಳು ತೀರಾ ಸಣ್ಣ, ಸ್ವಲ್ಪ ಊದ್ಕೊಂಡು ಕಫ ಕಟ್ಟಿದ್ರೂ ಗಾಳಿ ಹೋಗಲ್ಲ. ನಿಮ್ಮ ಮಗಳಿಗೆ ಇದು ಬಹುಶಃ ಮೊದಲನೇ ಸಲ ಅಲ್ಲ, ಎರಡು ವರ್ಷ ತುಂಬೋದ್ರೊಳಗೆ ಹೆಚ್ಚುಕಮ್ಮಿ ಎಲ್ಲಾ ಮಕ್ಕಳಿಗೂ ಒಂದ್ಸಲನಾದ್ರೂ ಬಂದಿರುತ್ತೆ, ಅವಳ ಮೈಗೆ ವೈರಸ್ಸಿನ ಗುರುತಿದೆ. ದಡಾರದ ಥರ ಒಂದ್ಸಲ ಬಂದು ಮುಗಿಯೋದಲ್ಲ ಇದು. ಮೂಗಲ್ಲಿರೋ ರಕ್ಷಣೆ ಬೇಗ ಇಳಿದುಹೋಗುತ್ತೆ, ಅದಕ್ಕೇ ಜೀವನಪೂರ್ತಿ ಮತ್ತೆ ಮತ್ತೆ ಬರುತ್ತೆ, ಆದ್ರೆ ಸಾಮಾನ್ಯವಾಗಿ ಮೊದಲನೇ ಸಲದಷ್ಟು ಜೋರಾಗಲ್ಲ.

ಅವಳಿಜವಳಿ ತಾಯಿ:
ಅಕ್ಕ, ನನ್ನ ಮಕ್ಕಳು 31 ವಾರಕ್ಕೇ ಹುಟ್ಟಿದ್ವು. ಆಂಟಿಬಾಡಿ ಜಾಸ್ತಿ ದಾಟೋದು ಕೊನೇ ಮೂರು ತಿಂಗಳಲ್ಲಂತೆ, ಅದಕ್ಕೇ ಇವಕ್ಕೆ ಸಿಕ್ಕಿದ್ದೇ ಕಮ್ಮಿ ಅಂತ ಡಾಕ್ಟ್ರು ಹೇಳಿದ್ರು. ನಾಮಕರಣಾನೇ ಮುಂದಕ್ಕೆ ಹಾಕಿದ್ವಿ, ನೆಂಟ್ರೆಲ್ಲ ಬೇಜಾರ್ ಮಾಡ್ಕೊಂಡ್ರು, ಪರವಾಗಿಲ್ಲ. ಯಾರೇ ಬಂದ್ರೂ ಮೊದ್ಲು ಸೋಪಲ್ಲಿ ಕೈ ತೊಳೀಬೇಕು, ಮುತ್ತು ಕೊಡೋದಾದ್ರೆ ಪಾದಕ್ಕೆ ಮಾತ್ರ.

ಮೈಕ್ರೋ ಮೇಷ್ಟ್ರು:
ಅತ್ತೆಯವರ ವಿಷಯ ಬಿಟ್ಟೋಗಿತ್ತು. ಎಷ್ಟೋ ಸಲ ಬಂದು ಹೋಗಿದ್ರೂ ವಯಸ್ಸಾದಂತೆ ವೈರಸ್ ಹಿಡಿದ ಜೀವಕೋಶಗಳನ್ನ ಕೊಲ್ಲೋ ಟಿ ಕೋಶಗಳ ಚುರುಕು ಕಮ್ಮಿಯಾಗುತ್ತೆ, ಅಸ್ತಮಾನೋ ಹಾರ್ಟ್ ತೊಂದ್ರೆನೋ ಇದ್ರೆ ಎದೆಗೆ ಇಳಿದು ನ್ಯುಮೋನಿಯಾನೂ ಆಗಬಹುದು. 2023ರಲ್ಲಿ ಅಮೆರಿಕದಲ್ಲಿ 60 ದಾಟಿದವರಿಗೆ ಆರ್‌ಎಸ್‌ವಿ ಲಸಿಕೆಗೆ ಒಪ್ಪಿಗೆ ಸಿಕ್ತು, ಅದೇ ವರ್ಷ ಗರ್ಭಿಣಿಯರಿಗೂ, ತಾಯಿಗೆ ಕೊಟ್ಟು ಹುಟ್ಟೋ ಮಗೂನ ಕಾಪಾಡೋಕೆ. ಮೂರು ವಾರದ ಕೆಮ್ಮು ಅಂದ್ರೆ ಬರೀ ಕಷಾಯದಲ್ಲಿ ಕಾಲ ಕಳೀಬೇಡಿ, ಒಂದ್ಸಲ ಡಾಕ್ಟ್ರಿಗೆ ತೋರಿಸಿ.

ಹಾಸನದಮ್ಮ:
ತುಂಬಾ ಥ್ಯಾಂಕ್ಸ್ ಸರ್, ನನ್ನಲ್ಲೇ ಏನೋ ಕೊರತೆ ಅಂತ ರಾತ್ರಿಯೆಲ್ಲ ಅತ್ತಿದ್ದೆ. ಅತ್ತೇನ ನಾಳೆ ಬೆಳಿಗ್ಗೇನೇ ಕರ್ಕೊಂಡು ಹೋಗ್ತೀನಿ. ಮಗಳಿಗೂ ಹೇಳಾಯ್ತು, ಈಗ ತಮ್ಮನ ಕಾಲ್ಬೆರಳು ಒಂದೊಂದಕ್ಕೂ ಮುತ್ತು ಕೊಡ್ತಾ ಕೂತಿದಾಳೆ.