ಜೆ-1 ವೀಸಾದಲ್ಲಿ ರೆಸಿಡೆನ್ಸಿ: ಡಿಸೆಬಿಲಿಟಿ ಇನ್ಶೂರೆನ್ಸ್ ಈಗಲೇ ಮಾಡಿಸಬೇಕಾ?

ಹಾಸನದ_ಹುಡುಗಿ:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಒಹಾಯೋದಲ್ಲಿ ಅನಸ್ತೀಸಿಯಾ ರೆಸಿಡೆನ್ಸಿ (ಆಸ್ಪತ್ರೆಯಲ್ಲಿ ದುಡಿಯುತ್ತಾ ಪಡೆಯುವ ಸ್ಪೆಷಲಿಸ್ಟ್ ತರಬೇತಿ) ಮಾಡುತ್ತಿದ್ದೇನೆ. ಎರಡನೇ ವರ್ಷ, ಓದು-ತರಬೇತಿಗೆ ಬಂದವರಿಗೆ ಕೊಡುವ ಜೆ-1 ವೀಸಾ. ಸಂಬಳ ವರ್ಷಕ್ಕೆ 68 ಸಾವಿರ ಡಾಲರ್. ಕಾಯಿಲೆಯೋ ಆಕ್ಸಿಡೆಂಟೋ ಆಗಿ ಕೆಲಸ ಮಾಡಲು ಆಗದಿದ್ದರೆ ಸಂಬಳದ 60% ಬರುವ ಗ್ರೂಪ್ ಪಾಲಿಸಿಯನ್ನು ಆಸ್ಪತ್ರೆಯವರೇ ಕೊಟ್ಟಿದ್ದಾರೆ. ಅದು ಸಾಲದಾ?

ಕೇಳುವುದಕ್ಕೆ ಕಾರಣ ಇದೆ. ಸೀನಿಯರ್ ಒಬ್ಬರು ಪರಿಚಯ ಮಾಡಿಸಿದ ಏಜೆಂಟ್ ಬೆನ್ನು ಬಿದ್ದಿದ್ದಾರೆ. "ಇವತ್ತೇ ಫಾರಂ ತುಂಬಿ, ವಯಸ್ಸಾದಷ್ಟೂ ಪ್ರೀಮಿಯಂ ಏರುತ್ತೆ" ಅಂತ ಒಂದೇ ವರಾತ. ಫಾರಂನಲ್ಲಿ ಹಳೇ ಕಾಯಿಲೆ, ಔಷಧಿ ಎಲ್ಲ ಕೇಳಿದ್ದಾರೆ. ಇಂಟರ್ನ್ ವರ್ಷದಲ್ಲಿ ಸಾಲಾಗಿ ನೈಟ್ ಡ್ಯೂಟಿ ಬಿದ್ದು, ನಿದ್ದೆ ಕೆಟ್ಟು, ಆತಂಕ ಜಾಸ್ತಿಯಾಗಿ ಕೆಲವು ತಿಂಗಳು ಸರ್ಟ್ರಲೀನ್ ಮಾತ್ರೆ ತೆಗೆದುಕೊಂಡಿದ್ದೆ. ಈಗ ಇಲ್ಲ. ಬರೆದರೆ ರಿಜೆಕ್ಟ್ ಆಗುತ್ತಾ? ಬರೆಯದೇ ಬಿಡಬಹುದಾ?

ಇನ್ನೊಂದು ಕಡೆ ರೆಸಿಡೆಂಟ್‌ಗಳನ್ನು ನೋಡಿಕೊಳ್ಳುವ ಜಿಎಂಇ ಆಫೀಸಿನ ಮೇಲ್‌ನಲ್ಲಿ ಜಿಎಸ್‌ಐ (ಗ್ಯಾರಂಟೀಡ್ ಸ್ಟ್ಯಾಂಡರ್ಡ್ ಇಶ್ಯೂ) ಅಂತ ಒಂದು ಪಾಲಿಸಿ ಇದೆ, ಮೆಡಿಕಲ್ ಪ್ರಶ್ನೆಗಳೇ ಇಲ್ಲವಂತೆ. ಎರಡಕ್ಕೂ ಅರ್ಜಿ ಹಾಕಿ, ಯಾವುದು ಸಿಕ್ಕರೆ ಅದು ಅಂದುಕೊಂಡಿದ್ದೇನೆ. ಊರಿಗೆ ಫೋನ್ ಮಾಡಿ ಅಮ್ಮನ ಹತ್ತಿರ ಹೇಳಿದರೆ "ಬಿಡ್ತು ಅನ್ನು" ಅಂತಾರೆ.

ತೀರ್ಥಹಳ್ಳಿ_ಮಳೆ:
ತಡೀರಿ ತಂಗಿ, ಆ ಫಾರಂಗೆ ಇನ್ನೂ ಸಹಿ ಹಾಕಬೇಡಿ! ನಾನೂ ಅನಸ್ತೀಸಿಯಾದವಳೇ, ಮಿಶಿಗನ್‌ನಲ್ಲಿ ಅಟೆಂಡಿಂಗ್ (ತರಬೇತಿ ಮುಗಿಸಿದ ಸ್ಪೆಷಲಿಸ್ಟ್). ನಮ್ಮ ರೆಸಿಡೆಂಟ್‌ಗಳಿಗೆ ಪ್ರತಿ ವರ್ಷ ಇದನ್ನೇ ಹೇಳುತ್ತೇನೆ: ಮೊದಲು ಜಿಎಸ್‌ಐ, ಆಮೇಲೆ ಉಳಿದದ್ದು.

ಜಿಎಸ್‌ಐ ಅಂದರೆ ನಿಮ್ಮ ರೆಸಿಡೆನ್ಸಿ ಪ್ರೋಗ್ರಾಂ ಮೂಲಕ ಸಿಗುವ ಪಾಲಿಸಿ. ರಕ್ತ ಪರೀಕ್ಷೆ ಇಲ್ಲ, ಹಳೇ ಕಾಯಿಲೆ ಕೇಳುವುದಿಲ್ಲ. ಆದರೆ ಸಾಮಾನ್ಯವಾಗಿ ಒಂದು ಪ್ರಶ್ನೆ ಇರುತ್ತೆ: ಇದಕ್ಕೂ ಮೊದಲು ಡಿಸೆಬಿಲಿಟಿ ಪಾಲಿಸಿ ಕೇಳಿ ನಿರಾಕರಣೆ ಆಗಿದೆಯಾ? ಆ ಏಜೆಂಟ್ ಮಾತು ಕೇಳಿ ಮೆಡಿಕಲ್ ಪ್ರಶ್ನೆ ಕೇಳುವ ಮಾಮೂಲಿ ದಾರಿಯಲ್ಲಿ ಹೋಗಿ ರಿಜೆಕ್ಟ್ ಆದರೆ ಈ ಬಾಗಿಲೂ ಮುಚ್ಚಬಹುದು. ಎರಡಕ್ಕೂ ಒಟ್ಟಿಗೆ ಅರ್ಜಿ ಹಾಕುವ ಯೋಚನೆ ಅದಕ್ಕೇ ಬೇಡ. ಜಿಎಸ್‌ಐ ಮಾರುವ ಹಕ್ಕು ಹೆಚ್ಚಾಗಿ ಕೆಲವೇ ಏಜೆಂಟರಿಗೆ ಇರುತ್ತೆ. ನಿಮ್ಮವರು ಅದರ ಸುದ್ದಿ ಯಾಕೆ ಎತ್ತಲಿಲ್ಲ ಅಂತ ಈಗ ಗೊತ್ತಾಯಿತಲ್ವಾ?

ಮಾತ್ರೆ ವಿಷಯ ಮುಚ್ಚಿಡುವ ಯೋಚನೆಯನ್ನೂ ಬಿಟ್ಟುಬಿಡಿ. ಫಾರ್ಮಸಿ ದಾಖಲೆ ಅವರಿಗೆ ಸಿಗುತ್ತೆ. ಸುಳ್ಳು ಹೇಳಿ ತೆಗೆದ ಪಾಲಿಸಿ ಕ್ಲೇಮ್ ಹೊತ್ತಿಗೆ ಕೈ ಕೊಡುತ್ತೆ. ಮಾಮೂಲಿ ದಾರಿಯಲ್ಲಿ ನಿಜ ಬರೆದರೆ ಪೂರ್ತಿ ರಿಜೆಕ್ಟ್ ಆಗದಿದ್ದರೂ ಮಾನಸಿಕ ಕಾಯಿಲೆಗೆ ದುಡ್ಡಿಲ್ಲ ಅಂತ ಷರತ್ತು ಹಾಕಬಹುದು. ಅನಸ್ತೀಸಿಯಾದವರಿಗೆ ಮಾನಸಿಕ ಕಾಯಿಲೆ ಮತ್ತು ಚಟದ ಕ್ಲೇಮ್‌ಗಳಿಗೆ 24 ತಿಂಗಳ ಮಿತಿ ಹೇಗೂ ಎಷ್ಟೋ ಪಾಲಿಸಿಗಳಲ್ಲಿ ಇದೆ. ಅದಕ್ಕೆ ಬೇಜಾರು ಬೇಡ. ಇನ್ನೊಂದು ಲಾಭ: ಸಾಮಾನ್ಯ ಪಾಲಿಸಿಯಲ್ಲಿ ಹೆಂಗಸರಿಗೆ ಪ್ರೀಮಿಯಂ ಜಾಸ್ತಿ, ಜಿಎಸ್‌ಐನಲ್ಲಿ ಹೆಚ್ಚಾಗಿ ಎಲ್ಲರಿಗೂ ಒಂದೇ ದರ.

ಗ್ರೂಪ್ ಪಾಲಿಸಿ ಲೆಕ್ಕ ಹಾಕಿ. 68 ಸಾವಿರಕ್ಕೆ 60% ಅಂದರೆ ತಿಂಗಳಿಗೆ 3,400 ಡಾಲರ್. ಪ್ರೀಮಿಯಂ ಆಸ್ಪತ್ರೆ ಕಟ್ಟುವುದರಿಂದ ಅದಕ್ಕೆ ಟ್ಯಾಕ್ಸ್ ಬೇರೆ. ನೀವು ಟ್ಯಾಕ್ಸ್ ಕಟ್ಟಿದ ದುಡ್ಡಲ್ಲಿ ಸ್ವಂತ ಪಾಲಿಸಿ ತೆಗೆದರೆ ಬರುವ ಹಣಕ್ಕೆ ಟ್ಯಾಕ್ಸ್ ಇಲ್ಲ. ಕೆಲಸ ಬಿಟ್ಟ ದಿನ ಗ್ರೂಪ್ ಪಾಲಿಸಿ ಹೋಗುತ್ತೆ, ಸ್ವಂತದ್ದು ನಿಮ್ಮ ಜೊತೆ ಬರುತ್ತೆ. ಮುಂದೆ ಸಂಬಳ ಏರಿದಾಗ ಮೆಡಿಕಲ್ ಇಲ್ಲದೆ ಮೊತ್ತ ಏರಿಸುವ ರೈಡರ್ (ಪಾಲಿಸಿಗೆ ಸೇರಿಸುವ ಹೆಚ್ಚುವರಿ ಸೌಲಭ್ಯ) ಇದೆಯಾ ನೋಡಿ. ಇದ್ದರೆ ಅದನ್ನು ಬಿಡಲೇಬೇಡಿ.

ಮಾಜಿ_ಮೂಳೆ_ಡಾಕ್ಟರ್:
ನಾನು ಹುಬ್ಬಳ್ಳಿಯವನು, ಟೆಕ್ಸಾಸ್‌ನಲ್ಲಿ ಇದ್ದೇನೆ. ಈ ಪಾಲಿಸಿಯಿಂದಲೇ ತಿಂಗಳಿಗೆ ದುಡ್ಡು ಪಡೆಯುತ್ತಿರುವವನು, ಹಾಗಾಗಿ ನನ್ನದೂ ಎರಡು ಮಾತು.

ಕುತ್ತಿಗೆಯ ಡಿಸ್ಕ್ ಸರಿದು ಸಿ6 ನರ ಒತ್ತಿತು. ಡ್ರಿಲ್ ಹಿಡಿದರೆ ಬಲಗೈ ಹೆಬ್ಬೆರಳು, ತೋರುಬೆರಳು ಜೋಮು ಹಿಡಿಯುತ್ತಿದ್ದವು. ಸ್ಕ್ರೂ ಎಲ್ಲಿ ಬಿಗಿಯಾಯಿತು ಅಂತ ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಆಪರೇಷನ್ ಮಾಡಿಸಿಕೊಂಡರೂ ಪೂರ್ತಿ ಸರಿ ಹೋಗಲಿಲ್ಲ. ನೋಡುವವರಿಗೆ ನಾನು ಗಟ್ಟಿಮುಟ್ಟಾಗಿಯೇ ಇದ್ದೇನೆ. ಪೆನ್ನು ಹಿಡಿಯುತ್ತೇನೆ, ಕಾರು ಓಡಿಸುತ್ತೇನೆ. ಈಗ ಮೆಡಿಕಲ್ ಸ್ಟೂಡೆಂಟ್ಸ್‌ಗೆ ಅನಾಟಮಿ ಹೇಳಿಕೊಟ್ಟು ಸಂಬಳವನ್ನೂ ಪಡೆಯುತ್ತೇನೆ. ಆದರೂ ಪೂರ್ತಿ ಹಣ ಬರುತ್ತದೆ, ಯಾಕೆಂದರೆ ನನ್ನದು ನಿಜವಾದ ಓನ್ ಆಕ್ಯುಪೇಶನ್ ಪಾಲಿಸಿ, ಅಂದರೆ ನನ್ನ ಸ್ವಂತ ವೃತ್ತಿ ಮಾಡಲು ಆಗದಿದ್ದರೆ ಸಾಕು, ಬೇರೆ ಕೆಲಸ ಮಾಡಿದರೂ ಹಣ ಬರುತ್ತದೆ. ಎಷ್ಟೋ ಗ್ರೂಪ್ ಪಾಲಿಸಿಗಳು ಎರಡು ವರ್ಷ ಆದ ಮೇಲೆ "ಬೇರೆ ಯಾವ ಕೆಲಸವೂ ಮಾಡಲು ಆಗಲ್ವಾ?" ಅಂತ ಕೇಳುತ್ತವೆ. ಹಾಗೆ ಕೇಳಿದ್ದರೆ ನನಗೆ ಚಿಕ್ಕಾಸೂ ಇಲ್ಲ.

ಕ್ಲೇಮ್ ಹಾಕಿದಾಗ ಡಾಕ್ಟರ್ ಸರ್ಟಿಫಿಕೇಟ್ ಒಂದಕ್ಕೇ ಸುಮ್ಮನಾಗಲ್ಲ. ಕೈಗೆ ತೊಂದರೆ ಆಗುವ ಮುಂಚೆ ಬಿಲ್ ಮಾಡಿದ ಸಿಪಿಟಿ ಕೋಡ್‌ಗಳ (ಯಾವ ಚಿಕಿತ್ಸೆ ಕೊಟ್ಟೆವು ಅಂತ ಹೇಳುವ ಬಿಲ್ಲಿಂಗ್ ನಂಬರ್) ಪಟ್ಟಿ ಕೇಳಿದರು. ವಾರಕ್ಕೆ ಎಷ್ಟು ಹೊತ್ತು ಥಿಯೇಟರ್, ಎಷ್ಟು ಹೊತ್ತು ಓಪಿಡಿ ಅಂತ ಅದರಲ್ಲೇ ಲೆಕ್ಕ ಹಿಡಿದರು. ಅಂದಹಾಗೆ ಹಣ ಶುರುವಾಗುವ ಮುಂಚೆ ಕಾಯುವ ಅವಧಿ 90 ದಿನ ಅಂದರೆ 91ನೇ ದಿನ ಚೆಕ್ ಬರುತ್ತೆ ಅಂದುಕೊಳ್ಳಬೇಡಿ. ತಿಂಗಳು ಮುಗಿದ ಮೇಲೆ ಆ ತಿಂಗಳದ್ದು ಕೊಡುತ್ತಾರೆ. ನಾಲ್ಕು ತಿಂಗಳ ಖರ್ಚು ಕೈಯಲ್ಲಿ ಇರಲಿ.

ಬೆಂಗಳೂರು_ಪಿಜಿ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇಲ್ಲಿ ಪಿಜಿ ಮಾಡುವವರಿಗೆ ಇಂಥದ್ದು ಸಿಗುತ್ತಾ? ನಾನು ವಿಚಾರಿಸಿದಾಗ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ತೋರಿಸಿದರು. ಅದು ಅಪಘಾತಕ್ಕೆ ಮಾತ್ರ, ಡಿಸ್ಕ್ ಸರಿದರೆ ಇಲ್ಲ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ ಆಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆ. ಅದರಲ್ಲೂ ಅಪಘಾತದಲ್ಲಿ ಒಂದು ಕೈ ಪೂರ್ತಿ ಹೋದರೆ 1 ಲಕ್ಷ, ಎರಡೂ ಹೋದರೆ 2 ಲಕ್ಷ. ಸರ್ಜನ್‌ಗೆ ಎರಡು ಬೆರಳು ಹೋದರೇ ಕಥೆ ಮುಗೀತು, ಅದಕ್ಕೆ ಅದರಲ್ಲಿ ಏನೂ ಇಲ್ಲ.

ಹಾಸನದ_ಹುಡುಗಿ:
ಥ್ಯಾಂಕ್ಸ್ ಅಕ್ಕ, ಥ್ಯಾಂಕ್ಸ್ ಸರ್. ಏಜೆಂಟ್‌ಗೆ "ಈಗ ಬೇಡ" ಅಂತ ಮೆಸೇಜ್ ಹಾಕಿದೆ. ಒಂದು ಅನುಮಾನ ಉಳಿದಿದೆ. ಜೆ-1 ಆದ್ದರಿಂದ ತರಬೇತಿ ಮುಗಿದ ಮೇಲೆ ವೇವರ್ (ವಿನಾಯಿತಿ) ಸಿಗದಿದ್ದರೆ ಎರಡು ವರ್ಷ ಊರಿಗೆ ಹೋಗಲೇಬೇಕು. ಕೆಲಸ ಮಾಡಲು ಆಗದಂತೆ ಆದರಂತೂ ವೀಸಾನೇ ಇರಲ್ಲ, ಹಾಸನಕ್ಕೇ ವಾಪಸ್. ಅಲ್ಲಿ ಕೂತವಳಿಗೆ ಇವರು ದುಡ್ಡು ಕಳಿಸುತ್ತಾರಾ?

ತೀರ್ಥಹಳ್ಳಿ_ಮಳೆ:
ವೀಸಾದವರು ಮೊದಲು ಕೇಳಬೇಕಾದದ್ದೇ ಇದು. ಅಮೆರಿಕ, ಕೆನಡಾ ಬಿಟ್ಟು ಹೊರಗೆ ಇದ್ದರೆ 12 ತಿಂಗಳ ನಂತರ ಹಣ ನಿಲ್ಲಿಸುವ ಪಾಲಿಸಿಗಳಿವೆ. ಅಂಥ ಮಿತಿ ಇಲ್ಲದವೂ ಇವೆ. ನಿಮ್ಮ ಮಟ್ಟಿಗೆ ಪ್ರೀಮಿಯಂನಲ್ಲಿ ಹತ್ತಿಪ್ಪತ್ತು ಡಾಲರ್ ಉಳಿಸುವುದಕ್ಕಿಂತ ಆ ಒಂದು ಸಾಲು ಮುಖ್ಯ. ಜೆ-1ನವರಿಗೆ ಪಾಲಿಸಿ ಕೊಡುತ್ತಾರಾ ಅನ್ನುವುದನ್ನೂ ಜೊತೆಗೇ ಕೇಳಿ, ಗ್ರೀನ್ ಕಾರ್ಡ್ ಇಲ್ಲದಿದ್ದರೆ ಬಾಗಿಲಲ್ಲೇ ತಡೆಯುವ ಕಂಪನಿಗಳಿವೆ. ಫೋನಲ್ಲಿ "ಏನೂ ತೊಂದರೆ ಇಲ್ಲ ಮೇಡಂ" ಅಂದರೆ ಒಪ್ಪಬೇಡಿ. ಮಾದರಿ ಪಾಲಿಸಿಯ ಪಿಡಿಎಫ್ ತರಿಸಿಕೊಂಡು ಇಲ್ಲೇ ಹಾಕಿ, ಓದಿ ಹೇಳುತ್ತೇನೆ. ಈ ವಾರ ಆನ್-ಕಾಲ್ ಡ್ಯೂಟಿ ಇದೆ, ಭಾನುವಾರದವರೆಗೆ ಟೈಮ್ ಕೊಡಿ.